ಹಿಮ ಗುಟುರು ಹಾಕಿದ ದಿನ

ಗುಲ್ಮಾರ್ಗಿನ ಮೇಲಿನ ಇಳಿಜಾರಿನ ನೆತ್ತಿಯಲ್ಲಿ ತಸ್ಲೀಮಾ ಸಲಿಕೆಯಿಂದ ಹಿಮ ಅಗೆದು ನೋಡಿದಳು. ಮೇಲೆ ಗಾಳಿ ತಂದು ಒಟ್ಟಿದ ಗಟ್ಟಿ ಹೊದಿಕೆ. ಅದರಡಿ ಹಳೆಯ ಹಿಮ ಸಕ್ಕರೆಯಂತೆ ಉದುರುತ್ತಿತ್ತು. ಸಲಿಕೆಯ ಬೆನ್ನಿಂದ ಮೆಲ್ಲಗೆ ತಟ್ಟಿದ್ದೇ ತಡ, ಮೇಲಿನ ಪದರ ಇಡಿಯಾಗಿ ಜಾರಿತು.

"ಭಾಯಿಜಾನ್, ಈ ಇಳಿಜಾರು ಬೇಡ, ಕುಸಿಯುತ್ತೆ. ಪಕ್ಕದ ದಿಣ್ಣೆ ಮೇಲಿಂದ್ಲೇ ಇಳಿಯೋಣ."

ಮಂಜೂರ್ ಅವಳ ದೊಡ್ಡಪ್ಪನ ಮಗ. ಇಬ್ಬರೂ ಸೇರಿ ಪ್ರವಾಸಿಗರನ್ನು ಸ್ಕೀಯಿಂಗಿಗೆ ಕರೆತರುತ್ತಿದ್ದರು. ಅವಳಿಗೆ ಕಂಡದ್ದು ಅವನಿಗೂ ಕಂಡಿತ್ತು. ಅವನು ಬೂಟಿನಿಂದ ಹಿಮ ತಳ್ಳಿ ಆ ಗುಂಡಿಯನ್ನು ಮುಚ್ಚಿದ.

"ಸುಮ್ನಿರು ತಂಗಿ. ಅವರು ಬಂದಿರೋದೇ ಇದಕ್ಕೆ."

ಬಂದವರು ದಿಲ್ಲಿಯ ವಿನೀತ್, ಅವನ ಹೆಂಡತಿಯ ತಮ್ಮ ರಜತ್. ವಿನೀತ್ ಹೆಲ್ಮೆಟ್ಟಿನ ಮೇಲಿನ ಕ್ಯಾಮೆರಾ ಸರಿಪಡಿಸುತ್ತಿದ್ದ. ಅಷ್ಟರಲ್ಲಿ ಕಾಲಡಿಯಿಂದ ಗುಟುರು ಹಾಕಿದಂಥ ಸದ್ದು ಬಂತು; ಹಿಮವೆಲ್ಲ ಒಮ್ಮೆ ಕುಸಿದು ನಿಂತಿತು. ಎಲ್ಲರಿಗೂ ಕೇಳಿಸಿತು.

"ನಾನಂತೂ ದಿಣ್ಣೆ ಮೇಲೇ ಹೋಗ್ತೀನಿ," ಎಂದಳು ತಸ್ಲೀಮಾ. ರಜತ್ ಅವಳತ್ತ ತಿರುಗಿದ.

"ಏನ್ ಭಾವಮೈದುನ್ರೇ," ವಿನೀತ್ ನಕ್ಕ, "ಹೆಂಗಸಿನ ಸೆರಗು ಹಿಡ್ಕೊಂಡು ಇಳೀತೀರಾ?"

ಮಂಜೂರನೂ ನಕ್ಕ. ರಜತ್ ಮರಳಿ ಅವರ ಸಾಲಿಗೆ ಸೇರಿದ.

ಮಂಜೂರ್ ಇಳಿಜಾರು ದಾಟಿದ, ವಿನೀತ್ ದಾಟಿದ. ರಜತ್ ನಡುವಿಗೆ ಬಂದಾಗ ಇಳಿಜಾರು ಅಡ್ಡಕ್ಕೆ ಬಿರಿದು ಅವನನ್ನು ಹೊತ್ತು ಹೋಯಿತು.

ಹಿಮದಡಿ ಹೂತವರನ್ನು ಹುಡುಕಲೆಂದು ಎದೆಗೆ ಕಟ್ಟಿದ ಯಂತ್ರದ ಸದ್ದು ಹಿಡಿದು ತಸ್ಲೀಮಾ ಅವನಿದ್ದ ಜಾಗ ಪತ್ತೆ ಹಚ್ಚಿದಳು. ಅವಳೂ ಮಂಜೂರನೂ ಉಸಿರು ಬಿಡದೆ ಅಗೆದರು. ಮುಖ ಸಿಕ್ಕಿತು, ತುಟಿ ನೀಲಿಗಟ್ಟಿತ್ತು, ಬಾಯಿ ತುಂಬ ಹಿಮ. ಬೆರಳು ಹಾಕಿ ತೆಗೆದಾಗ ಹಿಮದ ಜೊತೆಗೆ ವಾಂತಿಯೂ ಬಂತು. ಆಮೇಲೆ, ಗೊರಗೊರ ಎಂದು ಒಂದು ಉಸಿರು.

"ಸ್ವಲ್ಪ ಈ ಕಡೆ ತಿರುಗಿಸ್ತೀರಾ? ಕ್ಯಾಮೆರಾಕ್ಕೆ ಮುಖ ಕಾಣ್ತಿಲ್ಲ," ಎಂದ ವಿನೀತ್ ಹಿಂದಿನಿಂದ.

ತಸ್ಲೀಮಾ ಸಲಿಕೆಯನ್ನು ವಿನೀತನ ಕಾಲ ಬಳಿ ಎಸೆದಳು. "ಇವನ ಕಾಲಿನ್ನೂ ಒಳಗಿದೆ. ಅಗೆ."

"ಒಂದೇ ನಿಮಿಷ," ಎಂದ ಅವನು.

ಸಂಜೆ ಹೋಟೆಲಿನಲ್ಲಿ ವಿನೀತ್ ಕ್ಯಾಮೆರಾ ಹಿಡಿದ ಚಿತ್ರಕ್ಕೆ ಸಂಗೀತ ಸೇರಿಸಿ ಎಲ್ಲರಿಗೂ ತೋರಿಸಿದ. ಜನ ಮಂಜೂರನ ಬೆನ್ನು ತಟ್ಟಿದರು. ಅವನು ಗುಷ್ತಾಬಾದ ಮಾಂಸದುಂಡೆ ಅಗಿಯುತ್ತ, ಗಡ್ಡಕ್ಕೆ ಇಳಿದ ಜಿಡ್ಡನ್ನು ಒರೆಸದೆ, ತಸ್ಲೀಮಾಳ ಕಡೆ ಬಾಗಿದ. "ಯಾರಾದ್ರೂ ಕೇಳಿದ್ರೆ, ಬೆಟ್ಟ ಸುಳಿವೇ ಕೊಡಲಿಲ್ಲ ಅನ್ನು. ಅಲ್ಲಾಹನ ಮರ್ಜಿ."

"ಗುಂಡಿ ಮುಚ್ಚಿದ್ದು ನಿನ್ನ ಬೂಟು. ಅಲ್ಲಾಹನ ಹೆಸರು ಯಾಕೆ ಹೊಲಸು ಮಾಡ್ತೀಯ?"

ಉರಿಯುವ ಬುಖಾರಿ ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದ ರಜತ್ ಇದನ್ನು ಕೇಳಿಸಿಕೊಂಡ. "ಗುಟುರು ನನಗೂ ಕೇಳಿಸಿತ್ತು, ದೀದಿ," ಎಂದ ಸಣ್ಣ ದನಿಯಲ್ಲಿ. "ನಿಮ್ಮ ಹಿಂದೆ ಬರೋಕೆ ನಾಚ್ಕೆ ಆಯ್ತು. ಅಷ್ಟಕ್ಕೇ ಸಾಯ್ತಿದ್ದೆ."

ಅವನ ಮೇಲೆ ಕನಿಕರ ಹುಟ್ಟಬೇಕಿತ್ತು. ತಸ್ಲೀಮಾಳಿಗೆ ಹೇಸಿಗೆಯೇ ಆಯಿತು. ಆದರೂ ಅವನ ಬಟ್ಟಲಿಗೆ ಬಿಸಿ ಕಹ್ವಾ ಚಹಾ ಬಗ್ಗಿಸಿ, ಅವನು ಕುಡಿಯುವವರೆಗೆ ಪಕ್ಕದಲ್ಲೇ ಕೂತಳು.

ಮರುದಿನ ರಜತ್ ಭಾವನನ್ನು ಬಿಟ್ಟು ಒಬ್ಬನೇ ಊರಿಗೆ ಹೊರಟ. ತಸ್ಲೀಮಾ ಮಂಜೂರನ ಜೊತೆ ಕೆಲಸ ಬಿಟ್ಟಳು. ಆ ಚಿತ್ರವನ್ನು ದೇಶವೆಲ್ಲ ನೋಡಿತು. ಹಿಮ ಕರಗುವ ಮೊದಲೇ ಹೊಸ ಗಿರಾಕಿಗಳು ಮಂಜೂರನನ್ನು ಹುಡುಕಿಕೊಂಡು ಬಂದರು. ಅದೇ ಇಳಿಜಾರೇ ಬೇಕೆಂದರು. ಅವನು ಕರೆದುಕೊಂಡು ಹೋದ.