ಹೆಬ್ಬೆಟ್ಟಿಗೆ ಬಿಟ್ಟ ಜಾಗ

"ನಿಧಾನ, ಬಾಗಿಲ ಹತ್ರ ಮೆಟ್ಟಿಲಿದೆ," ಎಂದು ಅತ್ತೆ ಹೇಳುವಷ್ಟರಲ್ಲಿ ಸೋದರಮಾವನ ಕಾಲು ಆ ಮೆಟ್ಟಿಲಿಗೇ ತಾಗಿ, ನಾಲ್ಕು ಜನ ಒಳಕೋಣೆಯಿಂದ ಹೊತ್ತು ತರುತ್ತಿದ್ದ ದೇಹ ಒಮ್ಮೆ ವಾಲಿತು. ಮಗಳು ತಾಯಿಯ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದಳು. ಬಿಡಲಿಲ್ಲ. ನಡುಮನೆಯ ಬೆಂಚಿನ ಮೇಲೆ ಮಲಗಿಸಿ, ಹೊದಿಕೆ ಸರಿಮಾಡಿ, ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ. ಕಾರ್ಖಾನೆಯ ಮ್ಯಾನೇಜರ್ ಹಾರ ಹಿಡಿದುಕೊಂಡು ಪಕ್ಕಕ್ಕೆ ಬಂದರು.

"ನಮಗೆಲ್ಲ ತುಂಬ ದೊಡ್ಡ ನಷ್ಟ ಕಣಮ್ಮಾ," ಎಂದರು. ಹಾರ ಹಾಕಿದರು. ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ಬಿಟ್ಟವರೇ, "ಆ ರಿಜಿಸ್ಟರ್ ಸಿಕ್ತಾ?" ಎಂದು ಕೇಳಿದರು.

ಬೆಳಗ್ಗೆಯಿಂದ ಇದು ಮೂರನೆಯ ಸಲ. ಎರಡು ಸಲ ಫೋನಿನಲ್ಲಿ, ಈಗ ಎದುರಿಗೆ.

"ಹುಡುಕಿಲ್ಲ ಸರ್. ಹೆಣ ಇಟ್ಕೊಂಡು ಬೀರು ಜಾಲಾಡೋಕಾಗುತ್ತಾ?"

ಮಗಳು ಬಸ್ ಕಂಡಕ್ಟರ್. ಟಿಕೆಟ್ ಕೊಳ್ಳದೆ ಕಿಟಕಿಯಾಚೆ ನೋಡುತ್ತ ಕೂರುವವರ ಹತ್ತಿರ ಮಾತಾಡುವ ದನಿ ಅದು. ಮಾವ ತಡಬಡಿಸಿ ನಡುವೆ ಬಂದರು. "ದುಃಖದಲ್ಲಿದ್ದಾಳೆ, ತಪ್ಪು ತಿಳ್ಕೋಬೇಡಿ. ಸರ್‌ಗೆ ಕುರ್ಚಿ ಹಾಕ್ರೋ."

ತೀರಿಕೊಂಡವಳು ಇಪ್ಪತ್ತೇಳು ವರ್ಷ ಆ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸ್ ಆಗಿದ್ದಳು. ಪ್ರೆಸ್ ಎಂಬ ಒತ್ತುಯಂತ್ರದಲ್ಲಿ ತಗಡು ಕತ್ತರಿಸಿ ಬಾಗಿಸಿ ಪಾತ್ರೆ, ಪೆಟ್ಟಿಗೆ, ಬೀಗದ ಕೈಗಳನ್ನು ಮಾಡುವ ಕಾರ್ಖಾನೆ. ಅಲ್ಲಿ ಯಾರಿಗೂ ಅವಳ ಹೆಸರು ಬೇಕಾಗಿರಲಿಲ್ಲ, ಎಲ್ಲರಿಗೂ ಅವಳು ಸಿಸ್ಟರ್. ಗಾಯಕ್ಕೆ ಪಟ್ಟಿ ಕಟ್ಟುವುದು ಅವಳ ಅರ್ಧ ಕೆಲಸ. ಯಾರಿಗೆ, ಯಾವಾಗ, ಹೇಗೆ ಪೆಟ್ಟಾಯಿತೆಂದು ದಪ್ಪ ರಿಜಿಸ್ಟರಿನಲ್ಲಿ ಬರೆದಿಡುವುದು ಇನ್ನರ್ಧ. ಆ ರಿಜಿಸ್ಟರ್ ಕೋಣೆಯ ಹೊಸಿಲು ದಾಟಬಾರದು ಎಂಬುದು ನಿಯಮ. ಇಷ್ಟು ವರ್ಷದಲ್ಲಿ ಒಮ್ಮೆಯೂ ನಿಯಮ ಮುರಿಯದವಳು ನಿನ್ನೆ ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತಂದಿದ್ದಳು. ರಾತ್ರಿ ಮಲಗಿದವಳು ಬೆಳಗ್ಗೆ ಏಳಲಿಲ್ಲ.

ಮ್ಯಾನೇಜರ್ ಕುರ್ಚಿಯನ್ನು ಮಗಳ ಕಡೆಗೆ ಎಳೆದುಕೊಂಡರು. ದನಿ ತಗ್ಗಿಸಿದರು.

"ಮೂರು ಗಂಟೆಗೆ ಫ್ಯಾಕ್ಟರಿಗೆ ತನಿಖೆಯವರು ಬರ್ತಾರೆ. ಹನ್ನೊಂದು ದಿನದ ಹಿಂದೆ ಒಬ್ಬಳು ಪ್ರೆಸ್ಸಿಗೆ ಕೈ ಕೊಟ್ಕೊಂಡ್ಳಲ್ಲ, ಆ ವಿಷಯ. ಸಿಸ್ಟರ್ ಗಡಿಬಿಡೀಲಿ ಏನೇನೋ ಬರೆದಿದ್ರು. ಹೊಸ ಹಾಳೆ ಬರೆದು ತರ್ತೀನಿ ಅಂತ ಅವರೇ ಒಪ್ಕೊಂಡಿದ್ರು. ಅದಕ್ಕೇ ಮನೆಗೆ ತಂದಿದ್ದು."

"ಅಮ್ಮ ಒಪ್ಕೊಂಡ್ರಾ?"

"ನನ್ನೆದುರಿಗೇ."

ಮಗಳು ಒಳಕೋಣೆಯ ಕಡೆ ನೋಡಿದಳು. ನಿನ್ನೆ ರಾತ್ರಿ ಊಟವಾದ ಮೇಲೆ ಅಮ್ಮ ಬಾಗಿಲು ಮುಂದೆ ಮಾಡಿಕೊಂಡು ಏನೋ ಬರೆಯುತ್ತಿದ್ದುದನ್ನು ಅವಳು ಕಂಡಿದ್ದಳು. ಏನೆಂದು ಕೇಳಿರಲಿಲ್ಲ. ಒಳಗೆ ಹೋಗಿ ಹುಡುಕುವುದು ಎರಡು ನಿಮಿಷದ ಕೆಲಸ. ಸಿಕ್ಕಿಬಿಟ್ಟರೆ ಅದರಲ್ಲಿ ಏನಿದೆಯೋ ಎಂಬ ಭಯಕ್ಕೇ ಅವಳು ಬೆಳಗ್ಗೆಯಿಂದ ಹುಡುಕಿರಲಿಲ್ಲ.

*

ಹದಿನಾಲ್ಕು ವರ್ಷದ ಹಿಂದೆ ಇದೇ ಪ್ರೆಸ್ಸು ಒಬ್ಬನ ಬಲಗೈಯಿಂದ ಎರಡೂವರೆ ಬೆರಳು ತೆಗೆದುಕೊಂಡಿತ್ತು. ಆಗಿನ್ನೂ ಸೂಪರ್‌ವೈಸರ್ ಆಗಿದ್ದ ಈ ಮ್ಯಾನೇಜರ್ ಗಾಯಾಳುವಿನ ಹಿಂದೆಯೇ ಕೋಣೆಗೆ ಬಂದಿದ್ದರು. ಸಿಸ್ಟರ್ ರಕ್ತ ನಿಲ್ಲಿಸುತ್ತಿದ್ದಳು. ಗಾಯಾಳು ನೋವಿನ ಮಂಪರಿನಲ್ಲಿ, ಏನೂ ಕೇಳಿಸದವನಂತೆ, ಗೋಡೆ ನೋಡುತ್ತಿದ್ದ.

"ಬರ್ಕೊಳ್ಳಿ ಸಿಸ್ಟರ್, ಆಂಬ್ಯುಲೆನ್ಸ್ ಬರೋದ್ರೊಳಗೆ ಮುಗಿಸ್ಬಿಡೋಣ. ಕಾರ್ಮಿಕ ತಾನೇ ಜಾಲರಿ ಬಿಚ್ಚಿ ಕೆಲಸ ಮಾಡ್ತಿದ್ದ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ಕೈ ಒಳಗೆ ಹೋಗದಂತೆ ಪ್ರೆಸ್ಸಿನ ಮುಂದೆ ಹಾಕಿದ್ದ ಕಬ್ಬಿಣದ ಜಾಲರಿಯನ್ನು ವಾರದ ಹಿಂದೆಯೇ ಬಿಚ್ಚಿಸಿ ಮೂಲೆಗೆ ಒರಗಿಸಿದವರು ಯಾರೆಂದು ಸಿಸ್ಟರ್‌ಗೆ ಗೊತ್ತಿತ್ತು. ಪಟ್ಟಿ ಬದಲಿಸಲು ಬಂದವರೆಲ್ಲ ಅದನ್ನೇ ಆಡಿಕೊಂಡಿದ್ದರು. ಆದರೆ ಆ ವರ್ಷ ಅವಳು ಗಂಡನನ್ನು ಕಳೆದುಕೊಂಡಿದ್ದಳು, ಮಗಳು ಇನ್ನೂ ಶಾಲೆಯಲ್ಲಿದ್ದಳು. ಸೂಪರ್‌ವೈಸರ್ ಹೇಳಿದಂತೆಯೇ ಬರೆದಳು. ದುಂಡಗೆ, ಒಂದೂ ಚಿತ್ತಿಲ್ಲದೆ.

ವಿಚಾರಣೆಯಲ್ಲಿ ಆ ಪುಟವನ್ನು ಓದಿದಾಗಲೇ ಗಾಯಾಳುವಿಗೆ ತನ್ನ ಕೈ ಹೋದದ್ದು ತನ್ನ ತಪ್ಪಿನಿಂದ ಎಂದು ತಿಳಿದದ್ದು. ಪ್ರೆಸ್ಸಿನಿಂದ ತೆಗೆದು ಗೇಟು ಕಾಯಲು ಹಾಕಿದರು. ಒಂದು ವರ್ಷ ಅವನು ಸಿಸ್ಟರ್ ಮುಖ ನೋಡಲಿಲ್ಲ. ಆಮೇಲೆ ಅವನೇ ನಗುತ್ತ ಮಾತಾಡಿಸಿದ. ಉಳಿದ ಬೆರಳುಗಳ ಲೆಕ್ಕಕ್ಕೆ ಜನ ಇಟ್ಟ ಏಳೂವರೆ ಎಂಬ ಅಡ್ಡಹೆಸರನ್ನೂ ನಗುತ್ತಲೇ ಒಪ್ಪಿಕೊಂಡ. "ಗಡಿಯಾರ ನೋಡ್ಬೇಕಾಗಿಲ್ಲ, ನನ್ನ ಕೈ ನೋಡಿ," ಎನ್ನುತ್ತಿದ್ದ. ಆ ನಗುವಿನಷ್ಟು ಅವಳನ್ನು ಸುಟ್ಟದ್ದು ಬೇರೊಂದಿಲ್ಲ.

ಅಂದಿನಿಂದ ಸಿಸ್ಟರ್ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ಪೆಟ್ಟಾದವರು ಬಂದ ಕೂಡಲೇ ಬಾಗಿಲಿಗೆ ಚಿಲಕ. ಒಂದು ಕೈ ಗಾಯದ ಮೇಲೆ, ಇನ್ನೊಂದು ಕೈ ಪೆನ್ನಿನ ಮೇಲೆ. ಅವರ ಬಾಯಿಂದ ಬಂದದ್ದು ಬಂದ ಹಾಗೇ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆಯೇ ಚಿಲಕ ತೆಗೆಯುವುದು. ಓದುಬರಹ ಬಲ್ಲವರೂ ಹೆಬ್ಬೆಟ್ಟನ್ನೇ ಒತ್ತಬೇಕು. ಹೊರಗೆ ಯಾರು ಎಷ್ಟು ಬಡಿದರೂ ಸಿಸ್ಟರ್‌ಗೆ ಕಿವಿ ಕೇಳುತ್ತಿರಲಿಲ್ಲ.

*

ಹನ್ನೆರಡರ ಹೊತ್ತಿಗೆ ಏಳೂವರೆ ಬಂದ. ಅವನ ಹಿಂದೆ, ಬಲಗೈಗೆ ಮೊಣಕೈವರೆಗೂ ಪಟ್ಟಿ ಸುತ್ತಿ ಕತ್ತಿಗೆ ಜೋತುಹಾಕಿಕೊಂಡಿದ್ದ ಒಬ್ಬ ಹೆಂಗಸು. ಅವಳೇ ಆ ಪ್ರೆಸ್ಸಿನವಳು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮ್ಯಾನೇಜರ್ ಕುರ್ಚಿಯಲ್ಲೇ ಸ್ವಲ್ಪ ತಿರುಗಿ ಕೂತರು.

ಪ್ರೆಸ್ಸಿನವಳು ಸಿಸ್ಟರ್ ಕಾಲ ಬಳಿ ಕೂತು ಬಹಳ ಹೊತ್ತು ಅತ್ತಳು. ಕಣ್ಣೊರೆಸಿಕೊಂಡು ಮಗಳನ್ನು ನೋಡಿದಳು.

"ಅಕ್ಕಾ, ಒಂದ್ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಸಿಸ್ಟರ್ ನನ್ನ ಮಾತು ಬರ್ಕೊಂಡಿದ್ರು. ಅದಿದೆಯಾ? ಬದಲಾಯಿಸಿಬಿಟ್ಟಿದ್ದಾರೆ ಅಂತ ಅಲ್ಲೆಲ್ಲ ಮಾತಾಡ್ತಿದ್ದಾರೆ."

"ಇಲ್ಲಿ ಆ ಮಾತೆಲ್ಲ ಯಾಕಮ್ಮಾ?" ಎಂದರು ಮ್ಯಾನೇಜರ್.

"ನಂಗೆ ಇನ್ನೆಲ್ಲಿದೆ ಸರ್ ಜಾಗ? ಮೂರು ಗಂಟೆಗೆ ನೀವು ನನ್ನ ತಪ್ಪು ಅಂತೀರಿ. ನಾನು ಅಲ್ಲ ಅಂತೀನಿ. ಒಂದು ಕೈಯವಳ ಮಾತು ಯಾರು ಕೇಳ್ತಾರೆ?"

ಮಾವ ಮಗಳ ಕಿವಿಯ ಹತ್ತಿರ ಬಂದು, "ಎಲ್ಲಿದ್ರೂ ತಂದು ಅವರ ಕೈಲಿಟ್ಟು ಕೈತೊಳ್ಕೊಳ್ಳೇ ತಾಯಿ. ಸತ್ತವಳ ಹೆಸರು ಬೀದಿಗೆ ಬರೋದು ಬೇಡ," ಎಂದರು.

ಏಳೂವರೆ ಅಷ್ಟು ಹೊತ್ತೂ ಬೆಂಚಿನ ಕಡೆಗೇ ನೋಡುತ್ತಿದ್ದ. "ತಂಗೀ, ಅವರಿಗೆ ಬಿಳಿ ಕೋಟು ಹೊದಿಸಿ ಕಳ್ಸೋಣ. ಕೋಟಿಲ್ಲದೆ ಸಿಸ್ಟರ್ ಯಾರೋ ಬೇರೆಯವರ ಥರ ಕಾಣ್ತಿದ್ದಾರೆ," ಎಂದ.

ಮಗಳು ಒಳಗೆ ಹೋದಳು. ಕೋಟು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಮ್ಮ ಇಸ್ತ್ರಿ ಪೆಟ್ಟಿಗೆ ಮುಟ್ಟಿದವಳಲ್ಲ. ಒಗೆದ ಕೋಟನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿಬಿಡುತ್ತಿದ್ದಳು. "ಮಲಗಿದ್ದಾಗಲೂ ಕೆಲಸ ಮಾಡ್ತಿದ್ದೀನಿ ನೋಡು," ಎಂದು ನಗುತ್ತಿದ್ದಳು. ಮಗಳು ಹಾಸಿಗೆ ಎತ್ತಿದಳು. ಕೋಟಿತ್ತು. ಕೋಟಿನ ಕೆಳಗೆ ರಿಜಿಸ್ಟರಿತ್ತು.

ನಿಂತಲ್ಲೇ ಬಿಚ್ಚಿದಳು. ಮೊದಲು ಸಿಕ್ಕಿದ್ದು, ನಕಲು ಮಾಡಲೆಂದು ಕಾರ್ಖಾನೆಯವರು ಟೈಪ್ ಮಾಡಿಕೊಟ್ಟ ಒಂದು ಹಾಳೆ: "ಕಾರ್ಮಿಕಳ ಅಜಾಗರೂಕತೆಯಿಂದ..." ಅಮ್ಮ ಅದರ ಮಡಿಕೆ ಬಿಚ್ಚಿದಂತೆಯೇ ಇರಲಿಲ್ಲ. ಹಿಂದಿನ ಪುಟ ತಿರುವಿದಳು. ಅಮ್ಮನ ದುಂಡು ಅಕ್ಷರ. ಕೆಳಗೆ ಎಡಗೈಯ ಹೆಬ್ಬೆಟ್ಟು, ಪಕ್ಕದಲ್ಲಿ ಒಣಗಿ ಕಂದಾದ ಒಂದು ಹನಿ.

"ಎರಡು ಗುಂಡಿ ಎರಡು ಕೈಲಿ ಒತ್ತಿದ್ರೇನೇ ಪ್ರೆಸ್ ಇಳಿಯೋದು. ಒಂದು ಗುಂಡಿಗೆ ಮರದ ಚಕ್ಕೆ ಸಿಗಿಸಿದ್ರು. ಒಂದೇ ಕೈಲಿ ಬೇಗ ಬೇಗ ಆಗ್ಲಿ ಅಂತ. ತಿಂಗಳಿಂದ ಹಾಗೇ ಇತ್ತು. ನಾನು ಸಿಗಿಸಿದ್ದಲ್ಲ ಸಿಸ್ಟರ್. ನನ್ನ ಬೆರಳು ಎಲ್ಲಿ?"

ಅಮ್ಮ ಬದಲಾಯಿಸಿರಲಿಲ್ಲ! ಮಗಳು ಮಂಚದ ಅಂಚಿಗೆ ಕುಸಿದು, ಬೆಳಗ್ಗೆಯಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು. ಆಮೇಲೆ ಮುಂದಿನ ಪುಟ ನೋಡಿದಳು. ನಿನ್ನೆಯ ತಾರೀಖು. ಹಾಗಾದರೆ ಅಮ್ಮ ಏನೋ ಬರೆದದ್ದು ನಿಜ.

ಅದನ್ನು ಓದಿ ಮುಗಿಸಿ, ಕೋಟು, ರಿಜಿಸ್ಟರ್, ಅಮ್ಮನ ಚೀಲದಲ್ಲಿದ್ದ ಶಾಯಿಯ ಡಬ್ಬಿ ಮೂರನ್ನೂ ಎತ್ತಿಕೊಂಡು ಹೊರಬಂದಳು.

*

"ಸದ್ಯ, ಸಿಕ್ತು," ಎಂದು ಮ್ಯಾನೇಜರ್ ಎದ್ದು ಕೈ ಚಾಚಿದರು.

ಮಗಳು ಕೊಡಲಿಲ್ಲ. ಕೋಟನ್ನು ತಾಯಿಯ ಎದೆಯ ಮೇಲೆ ಹರಡಿದಳು. ರಿಜಿಸ್ಟರ್ ಬಿಚ್ಚಿ ನಿಂತಳು.

"ಬರೆದದ್ದನ್ನ ಅವರಿಗೇ ಓದಿ ಹೇಳ್ಬೇಕು ಅಂತ ಅಮ್ಮನ ಕಟ್ಟಳೆ. ಓದ್ತೀನಿ."

"ನೋಡಮ್ಮಾ, ಅದು ಕಂಪನಿ ಆಸ್ತಿ. ನಿಂಗೆ ಮುಟ್ಟೋ ಹಕ್ಕೂ ಇಲ್ಲ."

"ಓದಿದ ಮೇಲೆ ಮಾತಾಡೋಣ ಸರ್. ಕೂತ್ಕೊಳ್ಳಿ." ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ದನಿ. ಬಾಗಿಲಾಚೆ ನಿಂತಿದ್ದ ಕಾರ್ಖಾನೆಯವರೆಲ್ಲ ಒಳಗೆ ಇಣುಕಿದರು.

ಅವಳು ಓದಿದಳು.

"ಹದಿನಾಲ್ಕು ವರ್ಷದ ಹಿಂದೆ ಇದೇ ಪ್ರೆಸ್ಸಿನಲ್ಲಿ ಎರಡೂವರೆ ಬೆರಳು ಕಳೆದುಕೊಂಡವನ ಬಗ್ಗೆ ನಾನು ಬರೆದದ್ದು ಸುಳ್ಳು. ಜಾಲರಿ ಅವನು ಬಿಚ್ಚಿದ್ದಲ್ಲ. ಬಿಚ್ಚಿಸಿದವರು ಆಗಿನ ಸೂಪರ್‌ವೈಸರ್. ಅವರು ಹೇಳಿದಂತೆ ಬರೆದವಳು ನಾನು. ಗಾಯಾಳುವನ್ನು ನಾನು ಒಂದು ಮಾತೂ ಕೇಳಲಿಲ್ಲ. ಹೆದರಿದ್ದೆ. ಇವತ್ತು ಇನ್ನೊಬ್ಬಳ ಪುಟ ಬದಲಾಯಿಸು ಎಂದಿದ್ದಾರೆ. ಆಗಲಿ ಎಂದು ರಿಜಿಸ್ಟರ್ ಮನೆಗೆ ತಂದೆ. ಬದಲಾಯಿಸಬೇಕಾದ ಪುಟ ಅದಲ್ಲ, ನನ್ನದು. ನಾಳೆ ಗೇಟಿನ ಹತ್ತಿರ ಅವನಿಗೆ ಇದನ್ನು ಓದಿ ಹೇಳಿ, ಒಪ್ಪಿದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಜಾಗ ಬಿಟ್ಟಿದ್ದೇನೆ."

ಮ್ಯಾನೇಜರ್ ಮುಖ ಬಿಳಿಚಿಕೊಂಡಿತ್ತು.

"ಹುಷಾರಿಲ್ಲದಾಗ ಬರೆದದ್ದು. ಯಾರೂ ನಂಬಲ್ಲ," ಎಂದರು. "ನೀನು ಇನ್ನೂ ನನ್ನ ಗೇಟಲ್ಲೇ ಕೆಲಸ ಮಾಡ್ತಿದ್ದೀಯ, ನೆನಪಿರ್ಲಿ," ಎಂದು ಏಳೂವರೆ ಕಡೆ ತಿರುಗಿದರು.

ಏಳೂವರೆಯ ಮುಖದಲ್ಲಿ ಆ ನಗು ಇರಲಿಲ್ಲ. ಅದಿಲ್ಲದೆ ಅವನಿಗೆ ಹತ್ತು ವರ್ಷ ಹೆಚ್ಚಾದಂತೆ ಕಂಡಿತು. ಗೇಟಿನ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಒಂದು ಸಲ ಅದನ್ನು ಮುಟ್ಟಿ ನೋಡಿಕೊಂಡ.

"ಅಣ್ಣಾ," ಎಂದಳು ಮಗಳು. "ಒತ್ತಲೇಬೇಕು ಅಂತಿಲ್ಲ."

"ಆವತ್ತೂ ಹೆಬ್ಬೆಟ್ಟು ಇತ್ತು ತಂಗೀ," ಎಂದ ಅವನು, ಬಲಗೈ ಮುಂದೆ ಚಾಚುತ್ತ. ಬೆರಳಿಲ್ಲದ ಜಾಗದ ಪಕ್ಕದಲ್ಲಿ ಹೆಬ್ಬೆರಳು ಗಟ್ಟಿಮುಟ್ಟಾಗಿತ್ತು. "ಒತ್ತು ಅಂತ ಯಾರೂ ಕೇಳ್ಲಿಲ್ಲ. ಅಷ್ಟೆ."

ಪ್ರೆಸ್ಸಿನವಳು ತನ್ನ ಒಂದು ಕೈಯಲ್ಲಿ ಪುಟ ಮಡಚದಂತೆ ಹಿಡಿದಳು. ಅವನು ಶಾಯಿಯಲ್ಲಿ ಅದ್ದಿ, ಸಿಸ್ಟರ್ ಬಿಟ್ಟ ಜಾಗದಲ್ಲಿ ಒತ್ತಿದ. ಬಹಳ ಹೊತ್ತು ಒತ್ತಿಯೇ ಇದ್ದ.

ಮಗಳು ರಿಜಿಸ್ಟರನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದಳು. "ಮೂರು ಗಂಟೆಗೆ ತನಿಖೆಯವರ ಕೈಗೇ ಕೊಡ್ತೀವಿ ಸರ್. ಅಲ್ಲೀವರೆಗೂ ಇದು ಅಮ್ಮನ ಜೊತೇಲೇ ಇರುತ್ತೆ."

ಮ್ಯಾನೇಜರ್ ಮಾವನ ಕಡೆ ನೋಡಿದರು. ಮಾವ ಬೆಂಚಿನ ಒಂದು ತುದಿಗೆ ಹೋಗಿ, ಹೆಗಲ ಮೇಲಿನ ಟವೆಲ್ ಸೊಂಟಕ್ಕೆ ಬಿಗಿಯುತ್ತ, "ವ್ಯಾನು ಬಂತು. ಎತ್ರಪ್ಪಾ," ಎಂದರು.

ಎತ್ತಿದರು. ಈ ಸಲ ಹೊರಬಾಗಿಲ ಮೆಟ್ಟಿಲಿನ ಹತ್ತಿರ ಯಾರೂ ಎಡವಲಿಲ್ಲ. ಏಳೂವರೆ ತಲೆಯ ಕಡೆ ಹಿಡಿದಿದ್ದ. ವ್ಯಾನಿನೊಳಗೆ ಇಳಿಸಿದ ಮೇಲೆ ಅವನ ಕೈ ಬಿಟ್ಟ ಜಾಗದಲ್ಲಿ, ಸಿಸ್ಟರ್ ಮೈಮೇಲಿನ ಬಿಳಿ ಕೋಟಿನ ಹೆಗಲಿಗೆ, ನೀಲಿಯ ಒಂದು ಹೆಬ್ಬೆಟ್ಟು ಅಚ್ಚೊತ್ತಿತ್ತು. ಇಪ್ಪತ್ತೇಳು ವರ್ಷ ಆ ಕೋಟಿನ ಮೇಲೆ ಒಂದು ಕಲೆ ಉಳಿಯಲು ಬಿಟ್ಟವಳಲ್ಲ ಅವಳು. ಅತ್ತೆ ಸೆರಗನ್ನು ಒದ್ದೆ ಮಾಡಿಕೊಂಡು ಒರೆಸಲು ಬಗ್ಗಿದಳು. ಮಗಳು ಅತ್ತೆಯ ಕೈ ಹಿಡಿದು ತಡೆದಳು.