ಕಾಸು ಇಟ್ಟ ಕಡುಬು

ವರ್ಷದ ಕೊನೆಯ ದಿನ ಬೆಳಿಗ್ಗೆ ಯೂಫೆನ್ ಹಂದಿಮಾಂಸ, ಎಲೆಕೋಸು ಕೊಚ್ಚಿಕೊಂಡು ಕಡುಬು ಕಟ್ಟಲು ಕೂತಳು. ಪಕ್ಕದಲ್ಲಿ ಮಗಳು ರುಯಿಪಿಂಗ್ ಹಿಟ್ಟು ಲಟ್ಟಿಸುತ್ತಿದ್ದಳು. ಅವಳು ಗಂಡನನ್ನು ಬಿಟ್ಟು ತವರಿಗೆ ಬಂದು ನಾಲ್ಕು ತಿಂಗಳಾಗಿತ್ತು, ಯಾರೂ ತುಟಿಪಿಟಕ್ಕೆಂದಿರಲಿಲ್ಲ. ಇವತ್ತು ಮಾತ್ರ ಮಗ ದೆಹಾಯ್ ಅಡುಗೆಮನೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

“ಅಕ್ಕ, ಮೂರು ಗಂಟೆಗೆ ಕೊನೇ ಬಸ್ಸು,” ಅಂದ.

ಮದುವೆಯಾಗಿ ಹೋದ ಮಗಳು ವರ್ಷದ ಕಡೆಯ ರಾತ್ರಿ ತವರಿನ ದೀಪ ನೋಡಿದರೆ ಒಡಹುಟ್ಟಿದವನಿಗೆ ಕೇಡು ಎಂಬುದು ಶಾನ್‌ದೊಂಗ್ ಪ್ರಾಂತದ ಆ ಊರಿನಲ್ಲಿ ಕೂಸಿಗೂ ಗೊತ್ತು. ಅವಳು ತವರಿಗೆ ಬರಬೇಕಾದದ್ದು ಹೊಸ ವರ್ಷದ ಎರಡನೆಯ ದಿನ. ಅಲ್ಲಿಯತನಕ ಗಂಡನ ಮನೆ. ಗಂಡನ ಮನೆಯೇ ಇಲ್ಲದವಳು ಎಲ್ಲಿರಬೇಕೆಂದು ಈ ಶಾಸ್ತ್ರ ಮಾಡಿದ ಪುಣ್ಯಾತ್ಮರು ಹೇಳಿ ಹೋಗಿಲ್ಲ.

“ಎರಡು ದಿನ ತಾನೇ? ಹಿತ್ತಲ ಕೋಣೇಲಿ ಇರ್ತಾಳೆ ಬಿಡೋ,” ಎಂದಳು ಯೂಫೆನ್.

“ನಂಗೇನಮ್ಮ? ನನ್ನ ಹೆಂಡ್ತಿಗೀಗ ಏಳು ತಿಂಗಳು. ಹೆಚ್ಚುಕಮ್ಮಿ ಆದ್ರೆ? ನಾನು ಹೊಟ್ಟೇಲಿದ್ದಾಗ ಅತ್ತೇನ ಹೊರಗೆ ಕಳಿಸಿದ್ದು ನೀನೇ ಅಲ್ವಾ?”

ಯೂಫೆನ್ ಕೈಯಲ್ಲಿದ್ದ ಕಡುಬನ್ನು ತಟ್ಟೆಗಿಟ್ಟಳು. ಹೌದು, ಗಂಡ ಸತ್ತ ನಾದಿನಿಯನ್ನು ಇಂಥದೇ ದಿನ ಹಟ ಹಿಡಿದು ಬಸ್ಸು ಹತ್ತಿಸಿದವಳು ಅವಳೇ.

“ಬಿಡಮ್ಮ,” ರುಯಿಪಿಂಗ್ ಕೈಯ ಹಿಟ್ಟು ಕೊಡವಿ ಎದ್ದಳು. “ಪೇಟೆ ಬಸ್‌ಸ್ಟ್ಯಾಂಡ್ ಹತ್ರ ರೂಮ್ ಹೇಳಿದ್ದೀನಿ. ಟಿ.ವಿ. ಇದೆಯಂತೆ. ನಿನ್ನ ಗೊರಕೆ ಕಾಟ ಇಲ್ದೆ ಮಲಗ್ತೀನಿ.”

ಮಗಳು ನಕ್ಕಳು. ಅತ್ತಿದ್ದರೆ ತಾಯಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಪ್ರತಿ ವರ್ಷ ಒಂದೇ ಒಂದು ಕಡುಬಿನಲ್ಲಿ ಕಾಸು ಇಡುವುದುಂಟು. ಯಾರ ಹಲ್ಲಿಗೆ ಸಿಗುತ್ತದೋ ಆ ವರ್ಷ ಅವರದು. ಯೂಫೆನ್ ಈ ಸಲ ಆ ಕಡುಬನ್ನು ಕಳ್ಳಿಯ ಹಾಗೆ ಮಗಳ ಡಬ್ಬಿಗೆ ಸೇರಿಸಿದಳು. ಅವಳ ಕೈಲಾದದ್ದು ಅಷ್ಟೇ.

“ನಾಳೆ ಬೆಳಿಗ್ಗೆ ಬಿಸಿಬಿಸಿ ಬೇಯಿಸ್ಕೊಂಡು ತಿನ್ನೇ. ಮೆಲ್ಲಗೆ ಕಚ್ಚು.”

ಮರುದಿನ ಮನೆಯಲ್ಲಿ ಎಲ್ಲರೂ ಹುಷಾರಾಗಿ ಅಗಿದರು. ಯಾರಿಗೂ ಏನೂ ಸಿಗಲಿಲ್ಲ.

“ಅತ್ತೆ, ಕಾಸು ಹಾಕೋದು ಮರೆತ್ರಾ?” ಸೊಸೆಯ ಮುಖ ಸಪ್ಪಗಾಯಿತು.

“ವಯಸ್ಸಾಯ್ತು ಕಣೇ,” ಎಂದಳು ಯೂಫೆನ್. ಇಷ್ಟು ಹೊತ್ತಿಗೆ ರುಯಿಪಿಂಗ್‌ಗೆ ಸಿಕ್ಕಿರುತ್ತದೆ ಎಂದು ಒಳಗೊಳಗೇ ಹಿಗ್ಗಿದಳು.

ಎರಡನೆಯ ದಿನ ಬೀದಿಯ ತುಂಬ ಹೆಣ್ಣುಮಕ್ಕಳು ಗಂಡಂದಿರ ಜೊತೆ ತವರಿಗೆ ಬಂದರು. ರುಯಿಪಿಂಗ್ ಒಬ್ಬಳೇ, ನೆಂಟಳ ಹಾಗೆ ಮಿಠಾಯಿ ಪೊಟ್ಟಣ ಹಿಡಿದು ಬಂದಳು. ತಾಯಿಯ ಕೈಗೆ ಡಬ್ಬಿ ಕೊಟ್ಟಳು. ಡಬ್ಬಿ ಭಾರವಾಗಿತ್ತು.

ಮುಚ್ಚಳ ತೆಗೆದರೆ ಹಸಿ ಕಡುಬುಗಳೆಲ್ಲ ಅಂಟಿಕೊಂಡು ಒಂದೇ ಮುದ್ದೆ.

“ಅಲ್ಲಿ ಒಲೆ ಇರ್ಲಿಲ್ಲಮ್ಮ. ಬಿಸ್ಕತ್ತು ತಿಂದೆ, ಬಿಡು.”

ನಲವತ್ತು ವರ್ಷ ಒಂದೇ ಒಲೆಯ ಮುಂದೆ ಕಳೆದವಳಿಗೆ ಒಲೆಯಿಲ್ಲದ ಜಾಗ ಇರಬಹುದೆಂದು ಹೊಳೆದೇ ಇರಲಿಲ್ಲ. ಮುದ್ದೆಯನ್ನು ಕುದಿಯುವ ನೀರಿಗೆ ಬಿಟ್ಟಳು. ಅದು ಒಡೆದು ಹೂರಣ ಚೆಲ್ಲಾಪಿಲ್ಲಿಯಾಯಿತು. ಯಾರ ಹಲ್ಲಿಗೂ ಸಿಗದ ಕಾಸು ಪಾತ್ರೆಯ ತಳಕ್ಕೆ ಠಣ್ಣೆಂದು ಬಿತ್ತು.

“ಅದೇನಮ್ಮ ಸದ್ದು?” ನಡುಮನೆಯಿಂದ ದೆಹಾಯ್ ಕೇಳಿದ.

“ಏನಿಲ್ಲ ಕಣೋ,” ಎಂದು ಯೂಫೆನ್ ಪಾತ್ರೆಗೆ ಮುಚ್ಚಳ ಹಾಕಿದಳು.