ಖಾಲಿ ಬಿಟ್ಟ ಎರಡು ದಿನ

೧೯೯೮ರ ಮಾಗಿ ಕಾಲ, ಬೆಳಗಿನ ಐದು ಗಂಟೆ. ನಾನು ಮೊಮ್ಮಗಳು ಶಶಿರೇಖಾಳನ್ನು ಎಬ್ಬಿಸಿ, ಚಾಮರಾಜಪೇಟೆಯಿಂದ ಲಾಲ್‌ಬಾಗಿಗೆ ಓಡಿಸಲು ಶುರು ಮಾಡಿದ್ದು ಆಗ. ಅವಳಿಗೆ ಹದಿನೇಳು. ದೂರದ ಓಟದ ಆಯ್ಕೆಗೆ ಎರಡು ತಿಂಗಳಿತ್ತು.

ಕಾಲೇಜಿನ ಓಟದ ಮೇಷ್ಟ್ರು ಒಂದು ಚೀಟಿ ಕೊಟ್ಟಿದ್ದರು. ಐದು ದಿನಕ್ಕೆ ಎಷ್ಟೆಷ್ಟು ಓಡಬೇಕೆಂದು ಬರೆದಿತ್ತು; ಬುಧವಾರ, ಭಾನುವಾರದ ಚೌಕ ಖಾಲಿ. ಮೇಷ್ಟ್ರಿಗೆ ಬರೆಯಲು ಬೇಜಾರೆಂದುಕೊಂಡೆ. ಅವತ್ತೂ ಓಡಲಿ ಎಂದು ಎರಡರಲ್ಲೂ ಇದ್ದಿಲಿನ ಗೆರೆ ಎಳೆದೆ. ಅವತ್ತು ರಜೆ ಎಂದು ಅವಳು ಹೇಳಿದರೆ, "ನಮ್ಮ ತರಕಾರಿ ಗಾಡಿಗೆ ರಜೆ ಇದ್ಯಾ?" ಎಂದೆ. ಗರಡಿಯಲ್ಲಿ ಬೆಳೆದವನು ನಾನು. ಅಲ್ಲಿ ಕಸರತ್ತಿನ ನಡುವೆ ನೀರು ಕುಡಿಯಲು ಬಿಡುತ್ತಿರಲಿಲ್ಲ. ಅವಳಿಗೂ ಬಿಡಲಿಲ್ಲ.

ತಿಂಗಳು ಕಳೆಯುವುದರಲ್ಲಿ ಮುದ್ದೆ ತಟ್ಟೆಯಲ್ಲೇ ಉಳಿಯತೊಡಗಿತು. ಓಟವೂ ನಿಧಾನವಾಯಿತು. ನಾನು ಇನ್ನೂ ಹೆಚ್ಚು ಓಡಿಸಿದೆ. ಒಂದು ಭಾನುವಾರ ಗಾಂಧಿ ಬಜಾರಿನಲ್ಲಿ, ಗಿರಾಕಿಗಳ ಎದುರಿಗೇ ಸೋಮಾರಿ ಎಂದು ಬೈದೆ. ತಲೆ ತಗ್ಗಿಸಿ ನಿಂತವಳು ಗಾಡಿಯ ಪಕ್ಕದಲ್ಲೇ ಕುಸಿದಳು.

ಎನ್.ಆರ್. ಕಾಲೋನಿಯ ಶೈಲಜಮ್ಮ ಹುರುಳಿಕಾಯಿ ಆರಿಸುತ್ತಿದ್ದರು. ನರ್ಸಾಗಿ ನಿವೃತ್ತರಾದವರು. ಕಾಲೆತ್ತಿ ಮಲಗಿಸಿದರು, ಎಚ್ಚರವಾದ ಮೇಲೆ ನೀರು ಕುಡಿಸಿದರು. ಎಷ್ಟು ಓಡುತ್ತೀಯ ಎಂದು ಕೇಳಿದಾಗ ಅವಳು ಚೀಟಿ ತೋರಿಸಿದಳು.

"ಇದ್ಯಾರು ಗೀಚಿದ್ದು?"

ಶಶಿರೇಖಾ ನೆಲ ನೋಡುತ್ತ, "ನಾನೇ ಆಂಟಿ" ಎಂದಳು.

ನಾನು ಸುಮ್ಮನೆ ನಿಂತಿದ್ದೆ.

"ಖಾಲಿ ಬಿಟ್ಟಿರೋದು ಮರೆತಲ್ಲಮ್ಮ. ಓಡಿದ ಕಾಲು ಗಟ್ಟಿಯಾಗೋದು ಮಲಗಿದಾಗ."

ನಾವು ದಿನವೂ ಮೂಟೆ ಹೊತ್ತಿಲ್ಲವೇ ಎಂದು ಮೆಲ್ಲಗೆ ಕೇಳಿದೆ.

"ಹೊತ್ರಿ. ಈಗ ಮಂಡಿ ಹಿಡ್ಕೊಂಡು ಏಳ್ತೀರ" ಎಂದರು. "ಸುಸ್ತು ಅಂದ್ರೆ ಸೋಮಾರಿತನ ಅಲ್ಲ, ಅಶ್ವತ್ಥಪ್ಪ."

ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಲು ಅವಳಿಗೆ ಕಲಿಸಿದರು. ಎಂದಿಗಿಂತ ಎಂಟು ಹತ್ತು ಹೆಚ್ಚಿದ್ದರೆ ಅವತ್ತು ಓಟ ಬೇಡ. ಓಡುವಾಗ ಬಾಯಾರಿದರೆ ನೀರು ಕುಡಿಯಬೇಕು, ಮುಗಿದ ಅರ್ಧ ಗಂಟೆಯೊಳಗೆ ರಾಗಿ ಗಂಜಿಯೋ ಬಾಳೆಹಣ್ಣೋ ತಿನ್ನಬೇಕು, ಎಂಟು ಗಂಟೆಯಾದರೂ ನಿದ್ದೆ ಮಾಡಬೇಕು. ರಕ್ತ ಪರೀಕ್ಷೆ ಮಾಡಿಸಿದರೆ ಕಬ್ಬಿಣದ ಅಂಶ ಕಡಿಮೆ ಇತ್ತು. ಡಾಕ್ಟರು ಮಾತ್ರೆ ಕೊಟ್ಟು, ಆರು ವಾರ ಓಡಬಾರದು ಎಂದರು. ಆ ವರ್ಷದ ಆಯ್ಕೆ ತಪ್ಪಿತು.

ಗೆರೆ ಎಳೆದವನು ನಾನೆಂದು ಹೆಂಡತಿ ಪಿಳ್ಳಮ್ಮನಿಗೆ ಹೇಳಿದೆ. "ನನ್ಹತ್ರ ಯಾಕೆ? ಮಗು ಹತ್ರ ಹೇಳಿ" ಎಂದಳು. ಮೇಷ್ಟ್ರ ಮುಂದೆ, ಶೈಲಜಮ್ಮನ ಮುಂದೆ ಒಪ್ಪಿಕೊಂಡೆ. ಮಗುವಿನ ಮುಂದೆ ನಾಲಿಗೆ ಏಳಲಿಲ್ಲ. ಮತ್ತೆ ಓಟ ಶುರುವಾದ ಮೇಲೆ ಬುಧವಾರ, ಭಾನುವಾರ ಮನೆಯಲ್ಲಿ ಅವಳನ್ನು ಯಾರೂ ಎಬ್ಬಿಸಲಿಲ್ಲ.

ಮಕ್ಕಳನ್ನು ಓಡಿಸುವ ಹಿರಿಯರೇ, ಕಾಲು ಭಾರ ಎಂದು ಮಗು ಹೇಳಿದರೆ ನಂಬಿ. ಬೈಯುವ ಮುಂಚೆ ಉಂಡಿತೇ, ಮಲಗಿತೇ ಕೇಳಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ. ನನ್ನಂತೆ ಸುಮ್ಮನೆ ನಿಲ್ಲಬೇಡಿ.

ಮರುವರ್ಷ ಶಶಿರೇಖಾ ಆಯ್ಕೆಯಾದಳು. ಸ್ಟೇಷನ್ನಿಗೆ ಅಜ್ಜಿ ಒಬ್ಬಳೇ ಬಂದರೆ ಸಾಕು ಎಂದು ನನ್ನೆದುರಿಗೇ ಹೇಳಿ, ಶುಕ್ರವಾರ ಪಂದ್ಯಕ್ಕೆಂದು ದಾವಣಗೆರೆಗೆ ಹೊರಟಳು.